ಹಿಂದಿನ ಕೋಣೆಯ ಸಿಗ್ನಲ್

ಆ ವೈಫೈ ಡಬ್ಬಿಯನ್ನು ಅಕ್ಕ ತಾನೇ ಅಂಗಡಿಗೆ ಹೋಗಿ ತಂದಿದ್ದಳು. ತಮ್ಮನನ್ನು ಕೇಳಿರಲಿಲ್ಲ, ಜೊತೆಗೆ ಕರೆದಿರಲಿಲ್ಲ. ಬಿಳಿಯ ಚೀಲದಿಂದ ಹೊರತೆಗೆದು, ಅವನ ಕೆಲಸದ ಮೇಜಿನ ಮೇಲೆ, ಅವನು ಬಿಚ್ಚಿಟ್ಟಿದ್ದ ಕೈಗಡಿಯಾರದ ಪಕ್ಕದಲ್ಲೇ ಇಟ್ಟು, ಅದರ ಮೇಲೊಂದು ಚೀಟಿ ಇರಿಸಿ ಹೋಗಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ದುಂಡಗಿನ ಅಕ್ಷರಗಳು: "ಇದನ್ನು ನನ್ನ ಕೋಣೆಗೆ ಹಾಕಿಕೊಡು. ಭಾನುವಾರ ಐದು ಗಂಟೆಯೊಳಗೆ ಆಗಬೇಕು."

ಗಡಿಯಾರ ರಿಪೇರಿ ಮಾಡುವ ತಮ್ಮ, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ಆ ಚೀಟಿಯನ್ನು ಓದಿದ. ಒಂದೊಂದು ಅಕ್ಷರವೂ ಗೋಡೆಬರಹದಷ್ಟು ದೊಡ್ಡದಾಗಿ ಕಂಡಿತು. ಮಸೂರ ತೆಗೆದು ಮತ್ತೊಮ್ಮೆ ಓದಿದ. ಅಕ್ಷರ ಚಿಕ್ಕದಾಯಿತೇ ಹೊರತು ಮಾತು ಚಿಕ್ಕದಾಗಲಿಲ್ಲ.

ಅವರ ಮನೆ ಉದ್ದನೆಯದು. ಬೀದಿಗೆ ಮುಖ ಮಾಡಿದ ಹಜಾರ, ಅದರ ಕಿಟಕಿಗೆ ಅಂಟಿಕೊಂಡಂತೆ ಅವನ ಮೇಜು, ನಡುವೆ ಅಡುಗೆಮನೆ, ಆಮೇಲೆ ಸಿಮೆಂಟಿನ ಪುಟ್ಟ ಅಂಗಳ, ಅಂಗಳದಾಚೆ ಹಿಂದಿನ ಕೋಣೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಕಾರ್ಖಾನೆಯಿಂದ ನಿವೃತ್ತಳಾದ ವರ್ಷ ಅಕ್ಕ ತನ್ನ ಹಾಸಿಗೆಯನ್ನೂ ಹೊಲಿಗೆಯ ಚೌಕಟ್ಟನ್ನೂ ಅಂಟಿನ ಬಟ್ಟಲನ್ನೂ ಆ ಕೋಣೆಗೆ ಸಾಗಿಸಿಕೊಂಡಿದ್ದಳು. ಅಲ್ಲಿ ಬೆಳಗಿನ ಬೆಳಕು ಚೆನ್ನಾಗಿದೆ ಎಂಬ ಕಾರಣ ಕೊಟ್ಟು. ಬೆಳಕು ಚೆನ್ನಾಗಿಯೇ ಇತ್ತು, ವೈಫೈ ಮಾತ್ರ ಇರಲಿಲ್ಲ. ರೌಟರ್ ಹಜಾರದ ಬಾಗಿಲಿನ ನೆತ್ತಿಯ ಮೇಲೆ ಕುಳಿತಿತ್ತು. ಅದರ ಸಿಗ್ನಲ್ಲು ಎರಡು ದಪ್ಪ ಗೋಡೆಗಳನ್ನೂ ಅಡುಗೆಮನೆಯ ಕಬ್ಬಿಣದ ಕಪಾಟನ್ನೂ ದಾಟುವಷ್ಟರಲ್ಲಿ ಏದುಸಿರು ಬಿಟ್ಟು, ಅಂಗಳದ ನಲ್ಲಿಯ ಬಳಿಯೇ ಕುಸಿದು ಬೀಳುತ್ತಿತ್ತು.

ಆದ್ದರಿಂದಲೇ ಪ್ರತಿ ಭಾನುವಾರ ಸಂಜೆ ಐದಕ್ಕೆ ಅಕ್ಕ ತನ್ನ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಹಜಾರಕ್ಕೆ ಬರುತ್ತಿದ್ದಳು. ಆ ಹೊತ್ತಿಗೆ ಅವನ ವಾರ ಶುರುವಾಗುತ್ತಿತ್ತು, ಆರು ಗಂಟೆಗೆ ಮುಗಿಯುತ್ತಿತ್ತು.

ಅಕ್ಕನಿಗೆ ಹುಟ್ಟಿದಾರಭ್ಯ ಕಿವಿ ಕೇಳದು. ಆರನೆಯ ವಯಸ್ಸಿನಲ್ಲಿ ಅವಳನ್ನು ಕಿವಿ ಕೇಳದವರ ಶಾಲೆಗೆ ಸೇರಿಸಿದ್ದರು. ಅಲ್ಲೇ ಊಟ, ಅಲ್ಲೇ ವಾಸ. ಆ ಶಾಲೆಯಲ್ಲಿ ಅವಳಿಗೆ ಒಂದು ಇಡೀ ಭಾಷೆ ಸಿಕ್ಕಿತು; ಬೈಯಲಿಕ್ಕೂ, ಮುದ್ದು ಮಾಡಲಿಕ್ಕೂ, ಸುಳ್ಳು ಹೇಳಲಿಕ್ಕೂ, ಸತ್ತವರ ನೆನಪು ತೆಗೆಯಲಿಕ್ಕೂ ಆಗುವಂಥ ಕೈಭಾಷೆ. ರಜೆಗೆ ಬಂದಾಗ ಆ ಭಾಷೆಯನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಬರಬೇಕಾಗುತ್ತಿತ್ತು. ಮನೆಯಲ್ಲಿ ಇದ್ದದ್ದು ಅಮ್ಮ ಮಾಡಿಕೊಂಡ ಮನೆಸನ್ನೆಗಳಷ್ಟೇ: ಬಾ, ಉಣ್ಣು, ನೀರು, ಜ್ವರ, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ದೀಪ ಆರಿಸು. ಲೆಕ್ಕ ಹಾಕಿದರೆ ಐವತ್ತು ದಾಟವು. ಅಮ್ಮ ಹೋದ ಮೇಲೆ ಆ ಐವತ್ತು ಸನ್ನೆಗಳನ್ನು ಬಲ್ಲವರು ಈ ಲೋಕದಲ್ಲಿ ಇಬ್ಬರೇ ಉಳಿದರು. ಅವುಗಳಲ್ಲಿ ಸಂಸಾರ ಸಾಗುತ್ತಿತ್ತು, ಹರಟೆ ಸಾಗುತ್ತಿರಲಿಲ್ಲ.

ಒಮ್ಮೆ ಅವಳು ಕಲಿಸಲು ಬಂದದ್ದುಂಟು. ಅವಳಿಗೆ ಆಗ ಹನ್ನೆರಡು, ಅವನಿಗೆ ಒಂಬತ್ತು. ಜಗಲಿಯ ಮೇಲೆ ಎದುರು ಕೂರಿಸಿಕೊಂಡು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅಕ್ಷರಗಳನ್ನು ತೋರಿಸತೊಡಗಿದ್ದಳು. ಬೀದಿಯಲ್ಲಿ ಆಡುತ್ತಿದ್ದ ಗೆಳೆಯರು ಅವರತ್ತ ತಿರುಗಿ ಕೋತಿಯಂತೆ ಕೈ ಆಡಿಸಿ ಅಣಕಿಸಿದರು. ಅವನು ಎರಡೂ ಕೈಗಳನ್ನು ಚಡ್ಡಿಯ ಜೇಬಿಗೆ ತುರುಕಿಕೊಂಡ. ಅಕ್ಕ ಆ ಜೇಬುಗಳನ್ನು ಒಂದು ಗಳಿಗೆ ನೋಡಿ ಎದ್ದು ಹೋದಳು. ಮತ್ತೆಂದೂ ಕಲಿಸಲು ಬರಲಿಲ್ಲ. ಅವನೂ ಕೇಳಲಿಲ್ಲ, ನಲವತ್ತೊಂಬತ್ತು ವರ್ಷ ಕೇಳಲಿಲ್ಲ.

ಭಾನುವಾರದ ಗೆಳತಿಯನ್ನು ಅಕ್ಕ ಕರೆಯುತ್ತಿದ್ದುದು ಕೆನ್ನೆಗೆ ತೋರುಬೆರಳನ್ನು ಒತ್ತಿ ತಿರುಗಿಸುವ ಸನ್ನೆಯಿಂದ. ಕೆನ್ನೆಯಲ್ಲಿ ಗುಳಿ ಇದ್ದವಳು ಎಂದು ಅದರರ್ಥ. ಗಡಿಯಾರದವನು ಮನಸ್ಸಿನಲ್ಲೇ ಅವಳಿಗೆ ಗುಳಿಕೆನ್ನೆ ಎಂದು ಹೆಸರಿಟ್ಟುಕೊಂಡಿದ್ದ. ಶಾಲೆಯಲ್ಲಿ ಹನ್ನೊಂದು ವರ್ಷ ಅಕ್ಕನ ಪಕ್ಕದ ಮಂಚದಲ್ಲಿ ಮಲಗಿದವಳು. ಈಗ ಬಹು ದೂರದ ಊರಿನ ಒಂದು ವೃದ್ಧಾಶ್ರಮದಲ್ಲಿದ್ದಳು. ಅಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್, ಒಬ್ಬೊಬ್ಬರಿಗೆ ವಾರಕ್ಕೊಂದು ಗಂಟೆಯ ಸರದಿ. ಗುಳಿಕೆನ್ನೆಯ ಸರದಿ ಭಾನುವಾರ ಐದರಿಂದ ಆರು. ಅದು ತಪ್ಪಿದರೆ ಇನ್ನೊಂದು ಭಾನುವಾರವೇ ಗತಿ.

ಹಜಾರದಲ್ಲಿ ಅಕ್ಕನ ಕೈಗಳು ಮಾತಾಡುವಾಗ ಅವನು ಬೆನ್ನಿಗೆ ಬೆಳಕು ಬರುವಂತೆ ಕುಳಿತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಯಾವುದೋ ಗಡಿಯಾರದ ಹೊಟ್ಟೆ ಬಗೆಯುತ್ತಿರುವಂತೆ ನಟಿಸುತ್ತಿದ್ದ. ಮಸೂರವಿಲ್ಲದ ಕಣ್ಣು ಮಾತ್ರ ಅಕ್ಕನ ಮೇಲಿರುತ್ತಿತ್ತು. ಮನೆಯಲ್ಲಿ ಮೂರು ಸನ್ನೆಗಳಲ್ಲಿ ದಿನ ಮುಗಿಸುವ ಆ ಹೆಂಗಸಿನ ಕೈಗಳು ಅಲ್ಲಿ ಹಕ್ಕಿಗಳಾಗುತ್ತಿದ್ದವು, ಹುಬ್ಬು ಜಗಳವಾಡುತ್ತಿತ್ತು, ಭುಜ ಗುಟ್ಟು ಹೇಳುತ್ತಿತ್ತು. ಭಾನುವಾರದ ಮಾತು ಶುರುವಾದಂದಿನಿಂದ ಎಂಟು ತಿಂಗಳು ಹೀಗೆ ನೋಡಿದ. ಹಲ್ಲುಗಾಲಿ ಯಾವುದನ್ನು ತಿರುಗಿಸುತ್ತದೆ ಎಂದು ನೋಡಿ ನೋಡಿಯೇ ಕಸುಬು ಕಲಿತವನಿಗೆ ಈ ಕೈಗಳ ಓಟವೂ ನಿಧಾನವಾಗಿ ಬಿಡಿಸಿಕೊಳ್ಳತೊಡಗಿತು. ಮೊದಲು "ನಿನ್ನೆ" ಸಿಕ್ಕಿತು, ಆಮೇಲೆ "ಮರೆತೆ", ಆಮೇಲೆ "ನನಗೇನು ಗೊತ್ತು". ಒಂದು ದಿನ, ಕಣ್ಣಿನ ಸುತ್ತ ಬೆರಳಿನಿಂದ ಉಂಗುರ ಹಿಡಿಯುವುದು ತನ್ನದೇ ಹೆಸರು ಎಂದು ತಿಳಿಯಿತು. ಆ ರಾತ್ರಿ ಊಟದ ತಟ್ಟೆ ತೊಳೆಯುತ್ತ ಅವನು ಆ ಉಂಗುರವನ್ನು ತನ್ನ ಕಣ್ಣಿಗೆ ಎರಡು ಸಲ ಹಿಡಿದು ನೋಡಿಕೊಂಡಿದ್ದ.

ಇನ್ನೂ ಸ್ವಲ್ಪ ಬರಲಿ, ಒಂದು ಇಡೀ ವಾಕ್ಯ ತಪ್ಪಿಲ್ಲದೆ ಬರಲಿ, ಆಗ ಅಕ್ಕನ ಎದುರು ನಿಂತು ಹೇಳುತ್ತೇನೆ ಎಂಬುದು ಅವನ ಆಸೆಯಾಗಿತ್ತು. ಅಷ್ಟರಲ್ಲಿ ನಗು ಬಂದು ಎಲ್ಲವನ್ನೂ ಕೆಡಿಸಿತು.

ಒಂದು ತಿಂಗಳ ಹಿಂದಿನ ಮಾತು. ಅಕ್ಕ ಕಣ್ಣಿಗೆ ಉಂಗುರ ಹಿಡಿದಳು. ತನ್ನ ಸುದ್ದಿ ಎಂದು ಅವನು ಚುರುಕಾದ. ಅವಳು ಹೇಳಿದ ಕತೆಯಲ್ಲಿ ಅವನ ಕೈಯಿಂದ ಸಾಸಿವೆಯಷ್ಟು ಚಿಕ್ಕ ಮೊಳೆಯೊಂದು ಜಾರಿ ನೆಲಕ್ಕೆ ಬಿತ್ತು. ಗಡಿಯಾರದವನು ಮೊಳಕಾಲೂರಿ, ಅಂಡು ಮೇಲೆತ್ತಿ, ಮೇಜಿನಡಿ ತೆವಳಿದ. ಮೊಳೆಗೆ ಬೈದ, ಬೇಡಿದ, ಕಣ್ಣೀರು ಹಾಕಿದ. ಕೊನೆಗೆ ಎದ್ದು ನಿಂತು ಹತಾಶೆಯಿಂದ ಗಡ್ಡ ಕೆರೆದುಕೊಂಡರೆ ಮೊಳೆ ಗಡ್ಡದಲ್ಲೇ ಇತ್ತು. ಇಷ್ಟನ್ನೂ ಅಕ್ಕ ಕುರ್ಚಿಯಿಂದ ಏಳದೆ, ಎರಡು ಕೈ ಒಂದು ಮುಖದಲ್ಲಿ ಆಡಿ ತೋರಿಸಿದಳು. ತನ್ನ ಅಕ್ಕ ತಮಾಷೆಯ ಹೆಂಗಸು ಎಂಬುದು ಗಡಿಯಾರದವನಿಗೆ ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿದುಬಂತು. ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

ಅಕ್ಕನಿಗೆ ಕೇಳಿಸಲಿಲ್ಲ. ಆದರೆ ತೆರೆಯೊಳಗಿನ ಗುಳಿಕೆನ್ನೆಗೆ ಅಕ್ಕನ ಭುಜದ ಮೇಲಿಂದ ಅವನು ಕಂಡ. ಅವಳು ಅವನತ್ತ ಬೆರಳು ತೋರಿಸಿದಳು. ಅಕ್ಕ ತಿರುಗಿದಳು. ಅವನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ.

ಬಾಗಿಲಿಗೆ ಕಿವಿಗೊಟ್ಟು ಸಿಕ್ಕಿಬಿದ್ದವನ ಗತಿ ಅವನದಾಯಿತು. ಅಕ್ಕ ಬೈಯಲಿಲ್ಲ; ಬೈಯುವಷ್ಟು ಮಾತು ಅವರ ಮಧ್ಯೆ ಇರಲಿಲ್ಲ. ಮುಂದಿನ ಮೂರು ಭಾನುವಾರ ಅವಳು ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡು, ಕೈಗಳನ್ನು ಹೊಟ್ಟೆಯ ಬಳಿ ಬಚ್ಚಿಟ್ಟುಕೊಂಡು, ಪಿಸುಮಾತಿನಷ್ಟು ಸಣ್ಣದಾಗಿ ಮಾತಾಡಿದಳು. ನಾಲ್ಕನೆಯ ವಾರ ಡಬ್ಬಿ ಬಂತು.

ಭಾನುವಾರ ಹನ್ನೊಂದಕ್ಕೆ ಕೇಬಲ್‌ನವನು ಬಂದ. ಭುಜಕ್ಕೆ ಏಣಿ, ಕೈಯಲ್ಲಿ ಕೊರೆಯುವ ಯಂತ್ರ, ಬಾಯಲ್ಲಿ ಬಿಡುವಿಲ್ಲದ ಮಾತು. ನಲವತ್ತು ದಾಟಿದ್ದ, ಬೀದಿಯ ಎಲ್ಲರ ಮನೆಯ ಗೋಡೆಯ ದಪ್ಪ ಅವನಿಗೆ ಗೊತ್ತಿತ್ತು.

"ಏನ್ ಗೋಡೆ ಕಟ್ಸಿದಾರೆ ವಾಚಣ್ಣ ನಿಮ್ಮಪ್ಪ! ಯಾರ್ ದಂಡೆತ್ತಿ ಬರ್ತಾರೆ ಅಂತಿದ್ರಂತೆ?"

"ನೀನೇ ಬರ್ತೀಯ ಅಂತ ಗೊತ್ತಿತ್ತೇನೋ."

"ಹೊಡೆದ್ರಲ್ಲ ಬಾಣ! ಹಿಡ್ಕೊಳಿ ಏಣಿ, ನಂಗೆ ಹೆಂಡ್ತಿ ಮಕ್ಳಿದಾರೆ."

ಗೋಡೆ ಕೊರೆಯುವ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಅಕ್ಕ ಅಂಗಳದಲ್ಲಿ ನಿಂತು ಗೋಡೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅದುರು ನಿಂತಾಗ ತೂತು ಪಾರಾಯಿತೆಂದು ತಿಳಿದು ತಲೆಯಾಡಿಸಿದಳು. ಬೂದು ಬಣ್ಣದ ತಂತಿ ಹಜಾರದಿಂದ ಹೊರಟು, ಅಡುಗೆಮನೆಯ ಸೂರಿನಂಚು ಹಿಡಿದು, ಅಂಗಳವನ್ನು ಬಟ್ಟೆ ಹರವುವ ಹಗ್ಗದ ಮೇಲಿಂದ ದಾಟಿ, ಹಿಂದಿನ ಕೋಣೆಯನ್ನು ಹೊಕ್ಕಿತು. ಕೇಬಲ್‌ನವನು ತುದಿಗೆ ಪ್ಲಗ್ ಕಚ್ಚಿಸಿ ಬೆವರೊರೆಸಿಕೊಂಡ.

"ನನ್ ಕೆಲ್ಸ ಇಷ್ಟೇ. ಇನ್ನೊಂದ್ ಮನೆಗೆ ಓಡ್ಬೇಕು. ಡಬ್ಬಿ ಜೋಡಿಸೋದು ನಿಮಗೇನ್ ಕಷ್ಟ? ಗಡಿಯಾರದ ಕರುಳಿಗೇ ಗಂಟ್ ಹಾಕೋರು ನೀವು. ಆದ್ರೆ ಒಂದ್ ಮಾತು ವಾಚಣ್ಣ, ನೆನಪಿಟ್ಕೊಳಿ. ಈ ಡಬ್ಬಿ ಸ್ವಂತಕ್ಕೆ ರೌಟರ್ ಆಗೋಕೂ ಸೈ, ಹಜಾರದ್ದನ್ನೇ ಮುಂದಕ್ಕೆ ದಾಟಿಸೋ ಬರೀ ಆಕ್ಸೆಸ್ ಪಾಯಿಂಟ್ ಆಗೋಕೂ ಸೈ. ನಮಗೆ ಬೇಕಾದ್ದು ಎರಡನೇದು. ಒಳಗಡೆ ಡಿಎಚ್‌ಸಿಪಿ ಅಂತ ಒಂದ್ ಸಾಲು ಇರುತ್ತೆ, ಅದನ್ನ ಆಫ್ ಮಾಡ್ಲೇಬೇಕು."

"ಅದೇನದು?"

"ವಿಳಾಸ ಹಂಚೋದು. ಮನೆಯೊಳಗೆ ಯಾವ ಫೋನ್ ಬಂದ್ರೂ ಅದಕ್ಕೊಂದು ನಂಬರ್ ಕೊಟ್ಟು, 'ಹೊರಗ್ ಹೋಗೋ ದಾರಿ ಇಲ್ಲಿದೆ' ಅಂತ ತೋರಿಸ್ಬೇಕು. ಆ ಕೆಲ್ಸ ಹಜಾರದ ರೌಟರ್‌ದು. ಇದೂ ನಾನೂ ಹಂಚ್ತೀನಿ ಅಂತ ಕೂತ್ರೆ ಹೇಗೆ? ಸಿನಿಮಾ ಮಂದಿರದಲ್ಲಿ ಎರಡ್ ಕಿಟಕಿ ತೆಗೆದು ಇಬ್ರೂ ಟಿಕೆಟ್ ಕೊಟ್ಟ ಹಾಗೆ. ಒಬ್ಬ ಕೊಟ್ಟ ಟಿಕೆಟ್‌ಗೆ ಸೀಟೇ ಇರಲ್ಲ, ಗೋಡೆಗೆ ಮುಖ ಮಾಡ್ಕೊಂಡ್ ನಿಲ್ಬೇಕು!" ತನ್ನ ಮಾತಿಗೆ ತಾನೇ ನಕ್ಕು, ಅಕ್ಕನಿಗೆ ಕೈ ಮುಗಿದು, ಏಣಿ ಹೊತ್ತು ಹೊರಟ.

ಊಟದ ಮೇಲೂ ಗಡಿಯಾರದವನು ಡಬ್ಬಿಯ ತಂಟೆಗೆ ಹೋಗಲಿಲ್ಲ. ಮಾಡಬೇಕಾದ ಕೆಲಸ ಯಾವುದೂ ಇಲ್ಲದಿದ್ದರೂ ಮೇಜಿನ ಮುಂದೆ ಕುಳಿತು ಚಿಮುಟಗಳನ್ನು ಒರೆಸಿಟ್ಟ. ಮೂರೂವರೆಗೆ ಅಕ್ಕ ಬಂದು ಎದುರು ನಿಂತು ಮಣಿಕಟ್ಟನ್ನು ಬೆರಳಿನಿಂದ ಎರಡು ಸಲ ಕುಟ್ಟಿದಳು. ಹೊತ್ತಾಯಿತು ಎಂದು ಮನೆಸನ್ನೆ.

ಹಿಂದಿನ ಕೋಣೆಯಲ್ಲಿ ಅಂಟಿನ ವಾಸನೆ, ಕತ್ತರಿಸಿದ ಕಾಗದದ ವಾಸನೆ. ಟ್ಯಾಬ್ಲೆಟ್ಟನ್ನು ನಿಲ್ಲಿಸಲು ಅಕ್ಕ ಆಗಲೇ ದಪ್ಪ ರಟ್ಟಿನಿಂದ ಒಂದು ಪುಟ್ಟ ಪೀಠ ಮಾಡಿಟ್ಟುಕೊಂಡಿದ್ದಳು. ಮೂಲೆಗಳಿಗೆ ಬಟ್ಟೆ ಅಂಟಿಸಿ, ಅಂಚು ಮಡಿಸಿ, ಮದುವೆಗೆ ಕೊಡುವ ಉಡುಗೊರೆಯಷ್ಟು ನಾಜೂಕಾಗಿ. ಅದರ ಎದುರು ಒಂದೇ ಕುರ್ಚಿ. ಅವನು ಆ ಒಂದೇ ಕುರ್ಚಿಯನ್ನು ನೋಡಿದ.

ತಂತಿಯನ್ನು ಡಬ್ಬಿಗೆ ಸಿಕ್ಕಿಸಿದ. ವಿದ್ಯುತ್ ಕೊಟ್ಟ. ಅಕ್ಕನ ಟ್ಯಾಬ್ಲೆಟ್ಟಿನಲ್ಲೇ ಡಬ್ಬಿಯ ಪುಟವನ್ನು ತೆರೆದ. ಜಾಲಕ್ಕೆ ಹೆಸರು ಕೇಳಿತು, ಕೊಟ್ಟ. ಪಾಸ್‌ವರ್ಡ್ ಕೇಳಿತು, ಅದನ್ನು ಅಕ್ಕನೇ ಒತ್ತಿದಳು, ಒತ್ತುವಾಗ ಟ್ಯಾಬ್ಲೆಟ್ಟನ್ನು ತನ್ನತ್ತ ಓರೆಯಾಗಿ ತಿರುಗಿಸಿಕೊಂಡಳು. ಆಮೇಲೆ ಆ ಸಾಲು ಬಂತು. ಇಂಗ್ಲಿಷಿನ ನಾಲ್ಕು ದೊಡ್ಡ ಅಕ್ಷರ, ಪಕ್ಕದಲ್ಲೊಂದು ಪುಟ್ಟ ಗುಂಡಿ. ಗುಂಡಿ ಹಸಿರಾಗಿತ್ತು. ಒಮ್ಮೆ ಮುಟ್ಟಿದರೆ ಆರುತ್ತಿತ್ತು.

ಅಕ್ಕ ಅವನ ಪಕ್ಕದಲ್ಲಿ ಕೈಕಟ್ಟಿ ನಿಂತು ಅವನ ಬೆರಳನ್ನೇ ನೋಡುತ್ತಿದ್ದಳು. ಆ ಅಕ್ಷರಗಳು ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ. ತಮ್ಮನಿಗೆ ಗೊತ್ತಿದೆ ಎಂಬ ನಂಬಿಕೆಯೊಂದೇ ಅವಳ ಮುಖದಲ್ಲಿತ್ತು. ಅವನ ಬೆರಳು ಗುಂಡಿಯ ಮೇಲೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಹೊಸ ಡಬ್ಬಿ ಕೆಟ್ಟರೆ ಹೊಸ ಡಬ್ಬಿಯಷ್ಟೇ ಕೆಡುತ್ತದೆ ಎಂದು ಅವನ ಮನಸ್ಸು ಹೇಳಿತು. ಒಂದು ಗಡಿಯಾರ ನಿಂತರೆ ಪಕ್ಕದ ಗಡಿಯಾರ ನಿಲ್ಲುವುದಿಲ್ಲವಲ್ಲ. ಹಿಂದಿನ ಕೋಣೆಯಲ್ಲಿ ಇವತ್ತು ಆಗಲಿಲ್ಲವೆಂದರೆ ಅಕ್ಕ ಹಜಾರಕ್ಕೆ ಬರುತ್ತಾಳೆ. ಗೋಡೆಗೆ ಒತ್ತಿ ಕೂರಲಿ, ಕೈ ಬಚ್ಚಿಟ್ಟುಕೊಳ್ಳಲಿ. ಬರುತ್ತಾಳಲ್ಲ, ಅಷ್ಟು ಸಾಕು. ಇನ್ನೊಂದು ಭಾನುವಾರ.

ಗುಂಡಿಯನ್ನು ಮುಟ್ಟದೆ ಅವನ ಬೆರಳು ಕೆಳಗಿಳಿದು ಪುಟವನ್ನು ಮುಚ್ಚಿತು.

ತೆರೆಯ ಮೂಲೆಯಲ್ಲಿ ಸಿಗ್ನಲ್ಲಿನ ಕಮಾನುಗಳು ಪೂರ್ತಿಯಾಗಿ ತುಂಬಿ ನಿಂತವು, ಆದರೆ ಯಾವ ಪುಟವೂ ತೆರೆಯಲಿಲ್ಲ. ಅವನು ಹುಬ್ಬು ಗಂಟಿಕ್ಕಿ, ಡಬ್ಬಿಯನ್ನು ತಟ್ಟಿ, ತಂತಿಯನ್ನು ಕಿತ್ತು ಮತ್ತೆ ಹಾಕಿ, ಕೊನೆಗೆ ಎರಡೂ ಅಂಗೈ ಮೇಲೆ ಮಾಡಿ ತೋರಿಸಿದ. ಆಗಲಿಲ್ಲ. ಹಜಾರದತ್ತ ಕೈ ತೋರಿಸಿ, ಬಾ, ಎಂದ. ಇಷ್ಟಕ್ಕೆಲ್ಲ ಮನೆಸನ್ನೆಗಳು ಧಾರಾಳವಾಗಿ ಸಾಕಾದವು. ಅಕ್ಕ ತುಟಿ ಬಿಗಿದು ತಲೆಯಾಡಿಸಿದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳು ಹಜಾರಕ್ಕೆ ಬಂದಳು. ಅವನು ಅವಳ ಕುರ್ಚಿಯನ್ನು ಒರೆಸಿಟ್ಟಿದ್ದ. ಅವಳು ಕೂತು ಟ್ಯಾಬ್ಲೆಟ್ಟನ್ನು ತೆರೆದಳು. ಹಜಾರದ ಜಾಲದ ಹೆಸರನ್ನು ಮುಟ್ಟಿದಳು. ಕಮಾನುಗಳು ತುಂಬಿದವು. ಗುಳಿಕೆನ್ನೆಯ ಚಿತ್ರವನ್ನು ಒತ್ತಿದಳು. ಬಿಳಿಯ ಚಕ್ರವೊಂದು ತೆರೆಯ ಮೇಲೆ ತಿರುಗಿತು, ತಿರುಗುತ್ತಲೇ ಇತ್ತು.

ಗಡಿಯಾರದವನು ತಲೆಯೆತ್ತಿ ನೋಡಿದ. ಹಜಾರದ ರೌಟರ್ ಬಾಗಿಲ ಮೇಲೆ ಎಂದಿನಂತೆ ಮಿನುಗುತ್ತಿತ್ತು. ಅದಕ್ಕೇನಾಯಿತು?

ಐದಾಯಿತು. ಐದು ದಾಟಿ ಐದು ನಿಮಿಷವಾಯಿತು. ಅಕ್ಕ ಟ್ಯಾಬ್ಲೆಟ್ಟನ್ನು ಆರಿಸಿ ಹಚ್ಚಿದಳು, ರೌಟರಿನ ಕೆಳಗೆ ಹೋಗಿ ಕೈ ಎತ್ತಿ ಹಿಡಿದಳು, ಮತ್ತೆ ಬಂದು ಕೂತಳು. ದೂರದ ಊರಿನಲ್ಲಿ ಒಬ್ಬಾಕೆ ಖಾಲಿ ತೆರೆಯ ಮುಂದೆ ಕೂತು, ತನ್ನ ಒಂದು ಗಂಟೆ ಕರಗುವುದನ್ನು ನೋಡುತ್ತಿರುವುದು ಅಕ್ಕನ ಮುಖದ ಮೇಲೆ ಕಾಣುತ್ತಿತ್ತು. ಆಮೇಲೆ ಅಕ್ಕ ಒಂದು ಕೆಲಸ ಮಾಡಿದಳು. ಚಕ್ರ ತಿರುಗುತ್ತಿದ್ದ ಆ ಖಾಲಿ ತೆರೆಗೆ, ಯಾರೂ ನೋಡಲಾರರೆಂದು ಗೊತ್ತಿದ್ದೂ, ಕೈ ಎತ್ತಿ ಮಾತಾಡಿದಳು. ಈ ಸಲ ಕೈ ಬಚ್ಚಿಡಲಿಲ್ಲ. "ಇದೀನಿ. ಇಲ್ಲೇ ಇದೀನಿ. ಹೋಗ್ಬೇಡ."

ಅವನಿಗೆ ಪೂರ್ತಿ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನಿಸಿದ್ದು ಅದೇ ಮೊದಲು.

ಅವನು ತನ್ನ ಗುಂಡಿ ಒತ್ತುವ ಹಳೆಯ ಫೋನನ್ನು ಹಿಡಿದು ಅಡುಗೆಮನೆಗೆ ಹೋದ. ಅಲ್ಲಿ ನಿಂತು ಮಾತಾಡುವ ಅಗತ್ಯವಿರಲಿಲ್ಲ, ಆದರೂ ಹೋದ.

"ಹಲೋ, ವಾಚಣ್ಣ! ಏಣಿ ಮೇಲಿದೀನಿ, ಬೇಗ ಹೇಳಿ."

"ಎರಡೂ ಕಡೆ ಸತ್ತೋಗಿದೆ ಕಣಯ್ಯ. ಹಜಾರದಲ್ಲೂ ಬರ್ತಿಲ್ಲ."

"ಅದು ಆಫ್ ಮಾಡಿದ್ರಾ? ಡಿಎಚ್‌ಸಿಪಿ?"

"ಇಲ್ಲ."

"ಅಯ್ಯೋ, ಅಷ್ಟ್ ಹೇಳಿದ್ನಲ್ಲ! ತಂತಿ ಒಂದೇ ಅಲ್ವಾ, ಹಿಂದ್ಗಡೆ ಡಬ್ಬಿ ಹಜಾರಕ್ಕೂ ಸುಳ್ ಟಿಕೆಟ್ ಹಂಚ್ತಾ ಕೂತಿದೆ. ಅದೇ ಮೊದ್ಲು ಕೈ ಚಾಚ್ತಿದೆ ಅಷ್ಟೆ. ಮರ್ತ್ರಾ?"

ಗಡಿಯಾರದವನು ಗೋಡೆಯ ತೂತನ್ನು ನೋಡಿದ. "ಮರೀಲಿಲ್ಲ."

ಆ ಕಡೆ ಏಣಿಯ ಮೆಟ್ಟಿಲುಗಳು ಕಿರುಗುಟ್ಟಿದವು; ಕೇಬಲ್‌ನವನು ಕೆಳಗಿಳಿದ.

"ಮರೀಲಿಲ್ವಾ... ಸರಿ. ನಂಗ್ಯಾಕೆ ಅದೆಲ್ಲ. ಈಗ್ಲೇ ಹೋಗಿ ಅದನ್ನ ಆಫ್ ಮಾಡಿ. ಎರಡೂ ಡಬ್ಬೀನ ಒಂದ್ಸಲ ಆರ್ಸಿ ಹಚ್ಚಿ. ಟ್ಯಾಬ್ಲೆಟ್ಟೂ ಆರ್ಸಿ ಹಚ್ಚಿ, ಸುಳ್ ಟಿಕೆಟ್ ಬಿದ್ದೋಗುತ್ತೆ." ಆಮೇಲೆ ಮೆಲ್ಲಗೆ, "ಅಕ್ಕಾವ್ರು ಕಾಯ್ತಿದಾರಾ?"

"ಹೂಂ."

"ಓಡಿ ಮತ್ತೆ."

ಅವನು ಓಡಿದ. ಅಕ್ಕನ ಕೈಯಿಂದ ಟ್ಯಾಬ್ಲೆಟ್ಟನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಅಂಗಳ ದಾಟಿದ. ಅವಳು ಹಿಂದೆಯೇ ಬಂದಳು. ಪುಟ ತೆರೆದ, ಸಾಲು ಹುಡುಕಿದ, ಹಸಿರು ಗುಂಡಿಯನ್ನು ಮುಟ್ಟಿದ. ಗುಂಡಿ ಬೂದಾಯಿತು. ಎಷ್ಟು ಸುಲಭವಾಗಿತ್ತೆಂದರೆ ಅವನಿಗೆ ನಾಚಿಕೆಯಾಯಿತು. ಡಬ್ಬಿಯನ್ನು ಆರಿಸಿದ, ಹಜಾರಕ್ಕೆ ಓಡಿ ಸ್ಟೂಲು ಹತ್ತಿ ರೌಟರನ್ನು ಆರಿಸಿದ, ಹಚ್ಚಿದ, ತಿರುಗಿ ಓಡಿ ಬಂದು ಡಬ್ಬಿಯನ್ನು ಹಚ್ಚಿದ. ದೀಪಗಳು ಒಂದೊಂದಾಗಿ ಬರುವವರೆಗೆ ಇಬ್ಬರೂ ಆ ಪುಟ್ಟ ಡಬ್ಬಿಯ ಮುಂದೆ ಬಾಗಿ ನಿಂತರು. ಟ್ಯಾಬ್ಲೆಟ್ಟು ಎದ್ದಿತು. ಅಕ್ಕ ಚಿತ್ರವನ್ನು ಒತ್ತಿದಳು.

ಐದು ಇಪ್ಪತ್ತಾರಕ್ಕೆ ಗುಳಿಕೆನ್ನೆ ತೆರೆಯ ಮೇಲೆ ಬಂದಳು. ಬಿಳಿಗೂದಲು, ಒದ್ದೆಗಣ್ಣು, ಎರಡೂ ಕೈ ಎತ್ತಿ ಬೈಯಲು ಶುರುಮಾಡಿದಳು. ಅಕ್ಕ ಅಂಗೈ ಅಡ್ಡ ಹಿಡಿದು, ತಾಳು ಎಂದಳು. ಆಮೇಲೆ ತಮ್ಮನತ್ತ ತಿರುಗಿ ಕೈ ಮಗುಚಿ ಮನೆಸನ್ನೆಯಲ್ಲಿ ಕೇಳಿದಳು. "ಏನಾಗಿತ್ತು?"

ಮನೆಸನ್ನೆಯಲ್ಲಿ ಉತ್ತರ ಸುಲಭವಿತ್ತು. ತಂತಿಯನ್ನು ತೋರಿಸಿ, ತುಂಡಾಗಿತ್ತು ಎಂದು ಬೆರಳುಗಳಿಂದ ಮುರಿದು ತೋರಿಸಿದರೆ ಮುಗಿಯುತ್ತಿತ್ತು. ಬೇಕೆಂದೇ ಮಾಡಿದೆ ಎಂದು ಹೇಳಲು ಆ ಐವತ್ತರಲ್ಲಿ ಸನ್ನೆಯೇ ಇರಲಿಲ್ಲ. ಅಂಥ ಮಾತು ಅಮ್ಮನಿಗೆ ಬೇಕಾಗಿರಲಿಲ್ಲ.

ಗಡಿಯಾರದವನು ಕೈ ಎತ್ತಿದ. ಎಂಟು ತಿಂಗಳು ಮೇಜಿನಡಿ, ತೊಡೆಯ ಮೇಲೆ, ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ ಕೈಗಳು ಈಗ ಬೆಳಕಿಗೆ ಬಂದವು. ಅಕ್ಕನ ಭಾಷೆಯಲ್ಲಿ, ತೊದಲುತ್ತ, ಒಂದೊಂದೇ ಮಾತನ್ನು ಹೊರಗಿಟ್ಟ.

"ತಂತಿ ಸರಿ. ನಾನು ಕೆಡಿಸಿದೆ. ಬೇಕೂಂತ. ನೀನು ಹಜಾರ ಬರಬೇಕು. ಅದಕ್ಕೆ."

ತೆರೆಯಲ್ಲಿ ಗುಳಿಕೆನ್ನೆಯ ಕೈಗಳು ಗಾಳಿಯಲ್ಲೇ ನಿಂತುಬಿಟ್ಟವು. ಅಕ್ಕ ಅವನ ಮುಖವನ್ನು ನೋಡಲಿಲ್ಲ, ಕೈಗಳನ್ನು ನೋಡುತ್ತಿದ್ದಳು. ಆಮೇಲೆ ಮುಂದೆ ಬಂದು ಅವನ ಬಲ ಮಣಿಕಟ್ಟನ್ನು ಹಿಡಿದಳು. ಹೊಡೆಯುತ್ತಾಳೇನೋ ಎಂದುಕೊಂಡ. ಅವಳು ಅವನ ಕಿರುಬೆರಳನ್ನು ಹಿಡಿದು, ಹಾಳೆಯ ಮಡಿಕೆಯನ್ನು ತೀಡುವ ಹಾಗೆ ಒತ್ತಿ, ಒಳಕ್ಕೆ ಬಾಗಿಸಿದಳು. "ಬೇಕೂಂತ" ಎನ್ನುವಾಗ ಆ ಬೆರಳು ನೆಟ್ಟಗಿರಬಾರದು. ಅವನು ಮತ್ತೊಮ್ಮೆ ಹೇಳಿದ. ಈ ಸಲ ಸರಿಯಾಯಿತು.

ಅವಳು ಕೈ ಬಿಟ್ಟು ಹಿಂದೆ ಸರಿದಳು. ಮುಖ ಕಲ್ಲಾಗಿತ್ತು. ಆದರೆ ಅವಳು ಮಾತಾಡಿದ್ದು ಮನೆಸನ್ನೆಯಲ್ಲಲ್ಲ. ತನ್ನ ಸ್ವಂತ ಭಾಷೆಯಲ್ಲಿ, ಅವನಿಗೆಂದೇ ನಿಧಾನವಾಗಿ, ಬದುಕಿನಲ್ಲಿ ಎರಡನೆಯ ಸಲ.

"ನನ್ನ ಮಾತು ಕದ್ದು ನೋಡಿದೆ. ಎಂಟು ತಿಂಗಳು. ನನಗೆ ಗೆಳತಿ ಒಬ್ಬಳೇ, ಅವಳ ಜೊತೆ ಗಂಟೆ ಒಂದೇ. ಅದರಲ್ಲೂ ಅರ್ಧ ಇವತ್ತು ತಿಂದೆ." ಬೆರಳು ಅವನತ್ತ ತಿರುಗಿತು. "ಕೇಳಬೇಕಿತ್ತು. ಒಂದು ಸಲ ಕೇಳಿದ್ರೆ ಆಗ್ತಿತ್ತು."

ಎಲ್ಲವೂ ಅವನಿಗೆ ಅರ್ಥವಾಯಿತು. ಅವನು ತಲೆ ತಗ್ಗಿಸಿದ. ತಗ್ಗಿಸಿದರೆ ಮಾತು ಕಾಣುವುದಿಲ್ಲವೆಂದು ನೆನಪಾಗಿ ಮತ್ತೆ ಎತ್ತಿದ. ಅವಳು ಬಾಗಿಲನ್ನು ಹಿಡಿದು, ಅವನನ್ನು ಕಣ್ಣಿನಿಂದಲೇ ಹೊಸಿಲಿನಾಚೆಗೆ ಸರಿಸುತ್ತಿದ್ದಳು. ಅವನು ಅಂಗಳಕ್ಕಿಳಿದ ಮೇಲೆ, ಬಾಗಿಲು ಇನ್ನೂ ಗೇಣುದ್ದ ತೆರೆದಿದ್ದಾಗ, ಅವಳು ಇನ್ನೊಂದು ಮಾತನ್ನಾಡಿದಳು. ಒಂದೇ ಸನ್ನೆ. ಎರಡು ಬೆರಳನ್ನು ಹಣೆಯ ಬದಿಗೆ ತಾಗಿಸಿ, ಇಳಿಸುತ್ತ ಇಳಿಸುತ್ತ ಅಂಗೈಯನ್ನು ಅವನ ಕಡೆಗೆ ಬಿಡಿಸಿದಳು. ಎಂಟು ತಿಂಗಳಲ್ಲಿ ಗುಳಿಕೆನ್ನೆಗೆ ಅವಳು ಅದನ್ನು ಹೇಳಿದ್ದನ್ನು ಅವನು ನೋಡಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದು ಅವನಿಗೆ ಮಾತ್ರ ಕೇಳಿಸಿತು.

ಅಂಗಳದಲ್ಲಿ ಅವನು ಸ್ವಲ್ಪ ಹೊತ್ತು ನಿಂತ. ಒಳಗೆ ಮಾತು ಭರದಿಂದ ಸಾಗಿತ್ತು. ಅವನ ಕಿವಿಗೆ ತಲುಪಿದ್ದು ಅಂಗೈಗೆ ಅಂಗೈ ತಾಗುವ ಮೆಲುಸದ್ದು, ಬಟ್ಟೆಯ ಸರಬರ, ಆಗಾಗ ಜೋರಾಗಿ ಹೊರಬೀಳುವ ಉಸಿರು. ಕಷ್ಟಪಟ್ಟು ಕಲಿತಿದ್ದೆಲ್ಲ ಕಣ್ಣಿನ ವಿದ್ಯೆ. ಮುಚ್ಚಿದ ಬಾಗಿಲಿನ ಹೊರಗೆ ಅದು ಮೂರು ಕಾಸಿಗೂ ಬಾರದು. ಅಲ್ಲಿ ನಿಂತು ಆಲಿಸುವುದೂ ಕಳವೇ ಎಂದು ಹೊಳೆದೊಡನೆ ಅವನು ಹಜಾರಕ್ಕೆ ನಡೆದ.

ಹಜಾರ ಎಂದಿಗಿಂತ ದೊಡ್ಡದಾಗಿತ್ತು. ಒರೆಸಿಟ್ಟ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಕೂರಲು ಅವನಿಗೆ ಮನಸ್ಸಾಗಲಿಲ್ಲ. ಮೇಜಿನ ಮುಂದೆ ಕೂತು, ಎರಡು ಬೆರಳನ್ನು ಹಣೆಯ ಬದಿಗೆ ತಾಗಿಸಿ, ಇಳಿಸುತ್ತ ಅಂಗೈ ಬಿಡಿಸಿದ. ಮತ್ತೆ ಮಾಡಿದ. ಅದು "ಮೂರ್ಖ" ಎಂದಿರಬಹುದು. "ಇನ್ನು ಸಾಕು" ಎಂದಿರಬಹುದು. ಬೇರೆ ಏನೋ ಆಗಿರಲೂಬಹುದು. ಪಕ್ಕದಿಂದ ನೋಡಿ ಊಹಿಸುವ ಹಾಗಿರಲಿಲ್ಲ. ಅದನ್ನು ಅವಳು ಹೇಳಿದ್ದು ಅವನಿಗೇ. ಅರ್ಥ ಬೇಕಿದ್ದರೆ ಹೋಗಿ ಕೇಳಬೇಕು. ಕೇಳಬೇಕಿದ್ದರೆ ಆರು ಗಂಟೆಯಾಗಬೇಕು, ಆ ಬಾಗಿಲು ತೆರೆಯಬೇಕು.

ಗೋಡೆಯ ಮೇಲಿನ ರಿಪೇರಿಯ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವನು ಅವುಗಳಲ್ಲಿ ಸರಿಯಾದ ಒಂದನ್ನು ಆರಿಸಿಕೊಂಡು ಅದನ್ನೇ ನೋಡುತ್ತ ಕುಳಿತ. ಸನ್ನೆ ಮರೆತುಹೋಗದಿರಲೆಂದು ಬಲಗೈಯನ್ನು ಆಗಾಗ ಹಣೆಗೆ ಒಯ್ಯುತ್ತ, ಇಳಿಸುತ್ತ.